ಪಕ್ಷಗಳ ಲೆಕ್ಕ ಕೇಳುವ ಕೋರ್ಟು

(ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)

ಕಳೆದ ವರ್ಷ ಕಾಮರ್ಸ್ ಫೆಸ್ಟ್‌ನಲ್ಲಿ ನಮ್ಮ ಸೆಕ್ಷನ್ ತಿಂಡಿ ಸ್ಟಾಲ್ ಹಾಕಿದ್ದು ನಿಮಗೆ ನೆನಪಿರಬಹುದು. 52 ಜನ ತಲಾ 150 ರೂಪಾಯಿ ಹಾಕಿದ್ದೆವು. ಒಟ್ಟು 7,800 ರೂಪಾಯಿ. ಲೆಕ್ಕ ನೋಡಿಕೊಳ್ಳುವ ಕೆಲಸ ನನ್ನದು. ಅಬ್ಬಾ ಅಂಗಡಿ ನಡೆಸುತ್ತಾರೆ, ನಾನು ಚಿಕ್ಕಂದಿನಿಂದ ಅವರ ಖಾತೆ ಪುಸ್ತಕ ನೋಡುತ್ತಾ ಬೆಳೆದವಳು, ಆದ್ದರಿಂದ ಇದು ನನಗೆ ಸುಲಭ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಕೊನೆಗೆ 730 ರೂಪಾಯಿಗೆ ಬಿಲ್ ಇರಲಿಲ್ಲ. ಆಟೋ ಬಾಡಿಗೆ, ಐಸ್, ಕೊನೇ ಗಳಿಗೆಯಲ್ಲಿ ತಂದ ಪೇಪರ್ ಪ್ಲೇಟು. ಹಣ ಖರ್ಚಾಗಿದ್ದು ನಿಜ, ಕಾಗದ ಮಾತ್ರ ಇಲ್ಲ. ಗೆಳತಿಯೊಬ್ಬಳು ಪರಿಚಯದ ಅಂಗಡಿಯಿಂದ ಮೂರು ಖಾಲಿ ಬಿಲ್ ತಂದುಕೊಟ್ಟಳು. ಮೂರು ಬೇರೆ ಬೇರೆ ವಾರದ ತಾರೀಖು ಹಾಕಿ, ಮೊತ್ತ ತುಂಬಿಸಿ, ಫೈಲಿಗೆ ಪಿನ್ ಮಾಡಿಬಿಟ್ಟೆವು.

ಅಕೌಂಟೆನ್ಸಿ ಮೇಡಂ ಮೂರನ್ನೂ ಬಿಚ್ಚಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಬಿಲ್ ನಂಬರ್ 41, 42, 43. ಆಮೇಲೆ ಕೇಳಿದರು: “ಏನ್ರಮ್ಮಾ, ಈ ಅಂಗಡಿಗೆ ಮೂರು ವಾರ ನಿಮ್ಮನ್ನು ಬಿಟ್ಟು ಬೇರೆ ಗಿರಾಕಿಯೇ ಬರಲಿಲ್ಲವಾ?”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಾವು ಒಂದು ರೂಪಾಯಿಯನ್ನೂ ಜೇಬಿಗೆ ಹಾಕಿಕೊಂಡಿರಲಿಲ್ಲ. ಆದರೂ ಆ ಕಾಗದ ಸುಳ್ಳು. ಮೇಡಂ ಅವುಗಳನ್ನು ಹರಿದುಹಾಕಿಸಿ, ಒಂದು ಬಿಳಿ ಹಾಳೆಯಲ್ಲಿ “ರಶೀದಿ ಇಲ್ಲದ ಖರ್ಚು” ಎಂದು ಬರೆಸಿ, ಯಾವುದಕ್ಕೆ ಎಷ್ಟು ಎಂದು ವಿವರ ಹಾಕಿಸಿ, ನಮ್ಮ ಸಹಿ ತೆಗೆದುಕೊಂಡರು. ಈ ಕಥೆ ಕೇಳಿದ ರಾಜ್ಯಶಾಸ್ತ್ರದ ಸರ್ ನಕ್ಕು, “ಬ್ರೆಜಿಲ್‌ನಲ್ಲಿ ಇದೇ ರೀತಿ ಬಿಲ್ ನಂಬರ್ ಸಿಕ್ಕಿಬಿದ್ದು ಆರು ಜನ ಕೌನ್ಸಿಲರ್‌ಗಳು ಕುರ್ಚಿ ಕಳೆದುಕೊಂಡಿದ್ದಾರೆ, ಓದಿ ನೋಡು” ಎಂದರು. ಓದಿದೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಚುನಾವಣೆಗೇ ಒಂದು ಪ್ರತ್ಯೇಕ ಕೋರ್ಟು

ನಮ್ಮಲ್ಲಿ ಚುನಾವಣೆ ನಡೆಸುವುದು ಚುನಾವಣಾ ಆಯೋಗ. ಶಾಸಕರು, ಸಂಸದರ ಆಯ್ಕೆಯ ಬಗ್ಗೆ ತಕರಾರು ಬಂದರೆ ಹೋಗಬೇಕಾದದ್ದು ಹೈಕೋರ್ಟಿಗೆ. ಬ್ರೆಜಿಲ್‌ನಲ್ಲಿ ಎರಡೂ ಕೆಲಸ ಒಂದೇ ಸಂಸ್ಥೆಯದು. ಅದು ಆಯೋಗ ಅಲ್ಲ, ನ್ಯಾಯಾಲಯ. ಮತದಾರರ ಪಟ್ಟಿ ಮಾಡುವುದು, ಮತಯಂತ್ರ ಕಳುಹಿಸುವುದು, ಫಲಿತಾಂಶ ಘೋಷಿಸುವುದು, ತಕರಾರು ತೀರ್ಮಾನಿಸುವುದು, ಇವೆಲ್ಲದರ ಜೊತೆಗೆ ಪಕ್ಷಗಳ ಜಮಾ-ಖರ್ಚು ತನಿಖೆ ಮಾಡುವುದೂ ಅದರ ಕೆಲಸವೇ.

ಈ ವ್ಯವಸ್ಥೆ ಶುರುವಾದದ್ದು 1932ರಲ್ಲಿ. ಅದಕ್ಕೂ ಮುಂಚೆ ಗೆದ್ದವರು ನಿಜವಾಗಿ ಗೆದ್ದರೇ ಎಂದು ಪರಿಶೀಲಿಸುತ್ತಿದ್ದದ್ದು ಸಂಸತ್ತೇ. ಅಲ್ಲಿ ಬಹುಮತ ಇದ್ದವರು ಗೆದ್ದುಬಂದ ವಿರೋಧಿಗಳನ್ನು ಒಳಗೆ ಬಿಟ್ಟುಕೊಳ್ಳುತ್ತಲೇ ಇರಲಿಲ್ಲ. ಜನ ಇದಕ್ಕೆ ‘ಕತ್ತು ಕೊಯ್ಯುವುದು’ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದರು. ತಮ್ಮ ಲೆಕ್ಕ ತಾವೇ ನೋಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅದಕ್ಕಾಗಿಯೇ ಆ ಕೆಲಸವನ್ನು ನ್ಯಾಯಾಧೀಶರ ಕೈಗೆ ಕೊಟ್ಟರು. 1937ರಲ್ಲಿ ಸರ್ವಾಧಿಕಾರ ಬಂದಾಗ ಈ ಕೋರ್ಟನ್ನು ತೆಗೆದುಹಾಕಲಾಯಿತು. 1945ರಲ್ಲಿ ಮತ್ತೆ ಬಂತು.

ಇದು ಮೂರು ಮೆಟ್ಟಿಲಿನ ವ್ಯವಸ್ಥೆ. ಕೆಳಗೆ ಊರುಗಳ ಮಟ್ಟದಲ್ಲಿ ಚುನಾವಣಾ ನ್ಯಾಯಾಧೀಶರು. ಮಧ್ಯದಲ್ಲಿ 26 ರಾಜ್ಯಗಳಿಗೂ ರಾಜಧಾನಿ ಪ್ರದೇಶಕ್ಕೂ ಒಂದೊಂದರಂತೆ 27 ಪ್ರಾದೇಶಿಕ ಚುನಾವಣಾ ನ್ಯಾಯಾಲಯಗಳು. ಮೇಲೆ ರಾಜಧಾನಿ ಬ್ರೆಸಿಲಿಯಾದಲ್ಲಿ ಉನ್ನತ ಚುನಾವಣಾ ನ್ಯಾಯಾಲಯ. ಅಲ್ಲಿ ಏಳು ನ್ಯಾಯಾಧೀಶರು: ಮೂವರು ಸುಪ್ರೀಂ ಕೋರ್ಟಿನವರು, ಇಬ್ಬರು ಅದರ ಕೆಳಗಿನ ಉನ್ನತ ನ್ಯಾಯಾಲಯದವರು, ಇಬ್ಬರು ವಕೀಲರು. ಅವಧಿ ಎರಡು ವರ್ಷ, ಮತ್ತೊಂದು ಅವಧಿಗೆ ಮಾತ್ರ ಮುಂದುವರಿಯಬಹುದು. ಒಬ್ಬರೇ ಬಹುಕಾಲ ಕುಳಿತು ಯಾವುದೋ ಪಕ್ಷಕ್ಕೆ ಹತ್ತಿರವಾಗಬಾರದು ಎಂಬುದು ಇದರ ಉದ್ದೇಶ.

ಲೆಕ್ಕ ಯಾಕೆ ಕೇಳಬೇಕು?

“ಪಕ್ಷದ ಹಣ ಪಕ್ಷದ್ದು, ಕೋರ್ಟಿಗೇನು?” ಎಂದು ನೀವು ಕೇಳಬಹುದು. ಉತ್ತರ ಸರಳ. ಬ್ರೆಜಿಲ್‌ನಲ್ಲಿ ಪಕ್ಷಗಳ ಹಣದ ದೊಡ್ಡ ಪಾಲು ಸರ್ಕಾರದ ಖಜಾನೆಯಿಂದಲೇ ಬರುತ್ತದೆ.

2015ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಂಪನಿಗಳು ಪಕ್ಷಗಳಿಗೂ ಅಭ್ಯರ್ಥಿಗಳಿಗೂ ದೇಣಿಗೆ ಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂದು 8–3 ಬಹುಮತದ ತೀರ್ಪು ಕೊಟ್ಟಿತು. ಆಮೇಲೆ ದೇಣಿಗೆ ಕೊಡಬಹುದಾದವರು ವ್ಯಕ್ತಿಗಳು ಮಾತ್ರ, ಅದೂ ಹಿಂದಿನ ವರ್ಷದ ತಮ್ಮ ಒಟ್ಟು ಆದಾಯದ ಶೇಕಡಾ 10ರ ಒಳಗೆ. ಖಾಲಿಯಾದ ಜಾಗ ತುಂಬಲು 2017ರಲ್ಲಿ ಸಂಸತ್ತು ಒಂದು ವಿಶೇಷ ಪ್ರಚಾರ ನಿಧಿ ಮಾಡಿತು. 2018ರ ಚುನಾವಣೆಗೆ ಅದರಲ್ಲಿ ಸುಮಾರು 170 ಕೋಟಿ ರಿಯಾಲ್ ಇತ್ತು. 2022ಕ್ಕೆ 490 ಕೋಟಿ ದಾಟಿತು. ಇದು ಸೌದಿಯಲ್ಲಿರುವ ಮಾಮು ಕಳಿಸುವ ರಿಯಾಲ್ ಅಲ್ಲ, ಹೆಸರು ಮಾತ್ರ ಹತ್ತಿರ. ಒಂದು ಬ್ರೆಜಿಲ್ ರಿಯಾಲ್‌ಗೆ 15 ರೂಪಾಯಿ ಎಂದು ಹಿಡಿದರೂ ಏಳು ಸಾವಿರ ಕೋಟಿ ರೂಪಾಯಿ ಮೀರುತ್ತದೆ. ಇದಲ್ಲದೆ ಪಕ್ಷಗಳ ದಿನನಿತ್ಯದ ಖರ್ಚಿಗೆ ಪ್ರತಿ ವರ್ಷ ಕೊಡುವ ಪಕ್ಷ ನಿಧಿ ಬೇರೆ ಇದೆ.

ಈ ಹಣಕ್ಕೆ ಷರತ್ತುಗಳಿವೆ. ಪಕ್ಷ ನಿಧಿಯ ಕನಿಷ್ಠ ಶೇಕಡಾ 20 ಭಾಗ ಅಧ್ಯಯನ ಮತ್ತು ರಾಜಕೀಯ ಶಿಕ್ಷಣದ ಸಂಸ್ಥೆಗೆ, ಕನಿಷ್ಠ ಶೇಕಡಾ 5 ಮಹಿಳೆಯರ ರಾಜಕೀಯ ಭಾಗವಹಿಸುವಿಕೆ ಹೆಚ್ಚಿಸಲು ಖರ್ಚಾಗಬೇಕು. 2018ರಿಂದ ಪ್ರಚಾರಕ್ಕೆ ಬಳಸುವ ಸಾರ್ವಜನಿಕ ಹಣದಲ್ಲಿ ಕನಿಷ್ಠ ಶೇಕಡಾ 30 ಮಹಿಳಾ ಅಭ್ಯರ್ಥಿಗಳಿಗೆ ಹೋಗಬೇಕು. ಇದು ತೆರಿಗೆ ಕಟ್ಟುವವರು ಪಕ್ಷಗಳ ಕೈಗೆ ಕೊಟ್ಟ ಅಮಾನತ್ತು. ಅಮಾನತ್ತು ಇಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ.

ಲೆಕ್ಕ ತನಿಖೆ ನಡೆಯುವುದು ಹೇಗೆ?

ನಮ್ಮ ಅಕೌಂಟೆನ್ಸಿ ಪಾಠದಲ್ಲಿ ಬರುವ ಮಾತುಗಳಲ್ಲೇ ಇದನ್ನು ಹೇಳಬಹುದು. ಮೂಲ ದಾಖಲೆ, ಬ್ಯಾಂಕ್ ಪುಸ್ತಕ, ಹೊಂದಾಣಿಕೆ ತಃಖ್ತೆ, ಆಮೇಲೆ ಪರಿಶೋಧನೆ.

ಮೊದಲನೆಯದು, ಪ್ರತ್ಯೇಕ ಖಾತೆ. ಚುನಾವಣೆಗೆ ನಿಂತ ಪ್ರತಿ ಅಭ್ಯರ್ಥಿಗೂ ಒಂದು ತೆರಿಗೆ ನೋಂದಣಿ ಸಂಖ್ಯೆ ಸಿಗುತ್ತದೆ. ಅದು ಸಿಕ್ಕ ಹತ್ತು ದಿನದೊಳಗೆ ಪ್ರಚಾರಕ್ಕೆಂದೇ ಬ್ಯಾಂಕ್ ಖಾತೆ ತೆರೆಯಬೇಕು. ಸಾರ್ವಜನಿಕ ನಿಧಿಯ ಹಣಕ್ಕೆ ಬೇರೆ ಖಾತೆ, ದೇಣಿಗೆಗೆ ಬೇರೆ ಖಾತೆ. ಮನೆ ಖರ್ಚು ಮತ್ತು ಅಂಗಡಿ ಖರ್ಚು ಬೆರೆಸಬಾರದು ಎಂದು ನಾವು ಕಲಿತ ಮೊದಲ ತತ್ವವೇ ಇದು.

ಎರಡನೆಯದು, ಬೇಗ ತಿಳಿಸುವುದು. ಪ್ರಚಾರದ ಸಮಯದಲ್ಲಿ ದೇಣಿಗೆಯ ಹಣ ಬಂದರೆ 72 ಗಂಟೆಯೊಳಗೆ ಕೋರ್ಟಿಗೆ ತಿಳಿಸಬೇಕು. ಕೊಟ್ಟವರ ಹೆಸರು, ಮೊತ್ತ ಎಲ್ಲವೂ ಕೋರ್ಟಿನ ಜಾಲತಾಣದಲ್ಲಿ ಬರುತ್ತದೆ. ಮತ ಹಾಕುವ ಮುಂಚೆಯೇ ಯಾರಿಗೆ ಯಾರು ಹಣ ಕೊಟ್ಟರು ಎಂದು ಯಾರು ಬೇಕಾದರೂ ನೋಡಬಹುದು.

ಮೂರನೆಯದು, ಅಂತಿಮ ಲೆಕ್ಕ. ಮತದಾನವಾದ 30 ದಿನದೊಳಗೆ ಇದನ್ನು ಸಲ್ಲಿಸಬೇಕು. ಅದಕ್ಕೆ ಲೆಕ್ಕಪರಿಣತರೂ ವಕೀಲರೂ ಇರಲೇಬೇಕು. ಇದು ಚುನಾವಣೆಯ ಲೆಕ್ಕ. ಪಕ್ಷಗಳು ವಾರ್ಷಿಕ ಲೆಕ್ಕವನ್ನೂ ಮುಂದಿನ ವರ್ಷದ ಜೂನ್ 30ರೊಳಗೆ ಕೊಡಬೇಕು. ರಾಷ್ಟ್ರೀಯ ಘಟಕದ ಲೆಕ್ಕ ಉನ್ನತ ನ್ಯಾಯಾಲಯಕ್ಕೆ, ರಾಜ್ಯ ಘಟಕದ್ದು ಪ್ರಾದೇಶಿಕ ನ್ಯಾಯಾಲಯಕ್ಕೆ, ಊರಿನ ಘಟಕದ್ದು ಅಲ್ಲಿನ ಚುನಾವಣಾ ನ್ಯಾಯಾಧೀಶರಿಗೆ.

ನಾಲ್ಕನೆಯದು, ತಾಳೆ ನೋಡುವುದು. ಕೋರ್ಟಿನಲ್ಲಿ ಇದಕ್ಕೆಂದೇ ತಾಂತ್ರಿಕ ಸಿಬ್ಬಂದಿ ಇದ್ದಾರೆ. ಸಾಲದಿದ್ದರೆ ಸರ್ಕಾರಿ ಲೆಕ್ಕ ತನಿಖೆ ಮಾಡುವ ಸಂಸ್ಥೆಗಳಿಂದ ತಜ್ಞರನ್ನು ಕರೆಸಿಕೊಳ್ಳಬಹುದು. ಅವರು ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ಇಲಾಖೆಯಲ್ಲಿ ದಾಖಲಾದ ಬಿಲ್ಲುಗಳು, ದೇಣಿಗೆ ಪಟ್ಟಿ, ಎಲ್ಲವನ್ನೂ ಒಂದರ ಪಕ್ಕ ಒಂದು ಇಟ್ಟು ನೋಡುತ್ತಾರೆ. ಸತ್ತವರ ಹೆಸರಿನಲ್ಲಿ ಬಂದ ದೇಣಿಗೆ, ಸರ್ಕಾರದ ಬಡವರ ಸಹಾಯಧನ ಪಡೆಯುವವರ ಹೆಸರಿನಲ್ಲಿ ಬಂದ ದೇಣಿಗೆ, ಇವು ಹೀಗೆ ತಾಳೆ ನೋಡಿದಾಗಲೇ ಬೆಳಕಿಗೆ ಬಂದವು. ಅನುಮಾನ ಬಂದರೆ ಪಕ್ಷಕ್ಕೆ ನೋಟಿಸ್ ಹೋಗುತ್ತದೆ, ಉತ್ತರ ಕೊಡಲು ಅವಕಾಶ ಇರುತ್ತದೆ, ಸರ್ಕಾರಿ ಅಭಿಯೋಜಕರೂ ತಮ್ಮ ಅಭಿಪ್ರಾಯ ಬರೆಯುತ್ತಾರೆ. ಕೊನೆಗೆ ತೀರ್ಪು ಹೇಳುವವರು ನ್ಯಾಯಾಧೀಶರು.

ತೀರ್ಪು ನಾಲ್ಕು ಬಗೆ: ಒಪ್ಪಿಗೆ, ಆಕ್ಷೇಪದೊಂದಿಗೆ ಒಪ್ಪಿಗೆ, ತಿರಸ್ಕಾರ, ಮತ್ತು ‘ಲೆಕ್ಕವನ್ನೇ ಕೊಟ್ಟಿಲ್ಲ’. ವಾರ್ಷಿಕ ಲೆಕ್ಕ ತಿರಸ್ಕೃತವಾದರೆ ಪಕ್ಷ ಆ ಹಣ ವಾಪಸ್ ಕಟ್ಟಬೇಕು, ಮೇಲೆ ಶೇಕಡಾ 20ರವರೆಗೆ ದಂಡ. ಲೆಕ್ಕವನ್ನೇ ಕೊಡದಿದ್ದರೆ ನಿಧಿಯ ಕಂತು ನಿಲ್ಲುತ್ತದೆ. ಗೆದ್ದ ಅಭ್ಯರ್ಥಿ ಪ್ರಚಾರದ ಲೆಕ್ಕ ಸಲ್ಲಿಸುವವರೆಗೆ ಅವರಿಗೆ ಗೆಲುವಿನ ಪ್ರಮಾಣಪತ್ರವೇ ಸಿಗುವುದಿಲ್ಲ.

ಒಂದು ವಿಷಯ ಗಮನಿಸಿ. ಅಭ್ಯರ್ಥಿಯ ಲೆಕ್ಕ ತಿರಸ್ಕೃತವಾದ ಮಾತ್ರಕ್ಕೆ ಸ್ಥಾನ ಹೋಗುವುದಿಲ್ಲ. ಅದಕ್ಕೆ ಬೇರೆ ಮೊಕದ್ದಮೆ ಹೂಡಿ, ಅಕ್ರಮವಾಗಿ ಹಣ ಸಂಗ್ರಹಿಸಿದರು ಅಥವಾ ಖರ್ಚು ಮಾಡಿದರು ಎಂದು ಸಾಬೀತು ಮಾಡಬೇಕು. ಜೋಡಿಸಲಾಗದ ಒಂದು ಆಟೋ ಬಾಡಿಗೆಗಾಗಿ ಜನ ಆರಿಸಿದವರನ್ನು ಮನೆಗೆ ಕಳಿಸಬಾರದಲ್ಲ. ತಪ್ಪಿಗೂ ಮೋಸಕ್ಕೂ ಇರುವ ವ್ಯತ್ಯಾಸವನ್ನು ಕಾನೂನು ಹೀಗೆ ಉಳಿಸಿಕೊಂಡಿದೆ.

ವಲೆನ್ಸಾದ ಬಿಲ್ಲುಗಳು

ಈಗ ಸರ್ ಹೇಳಿದ ಪ್ರಕರಣಕ್ಕೆ ಬರೋಣ.

ಬ್ರೆಜಿಲ್‌ನ ಈಶಾನ್ಯದಲ್ಲಿ ಪಿಯಾವಿ ಎಂಬ ರಾಜ್ಯವಿದೆ. ಅಲ್ಲಿ ವಲೆನ್ಸಾ ಎಂಬ ಚಿಕ್ಕ ಪಟ್ಟಣ. 2016ರಲ್ಲಿ ಅಲ್ಲಿ ಪುರಸಭೆ ಚುನಾವಣೆ ನಡೆಯಿತು. ಕಾನೂನಿನ ಪ್ರಕಾರ ಯಾವ ಪಟ್ಟಿಯಲ್ಲೂ ಮಹಿಳೆಯರಾಗಲಿ ಪುರುಷರಾಗಲಿ ಶೇಕಡಾ 30ಕ್ಕಿಂತ ಕಡಿಮೆ ಇರುವಂತಿಲ್ಲ. ಹಾಗಾಗಿ ಎರಡು ಮೈತ್ರಿಕೂಟಗಳು ಐವರು ಮಹಿಳೆಯರ ಹೆಸರನ್ನು ಪಟ್ಟಿಗೆ ಸೇರಿಸಿದವು. ಅವರು ಪ್ರಚಾರ ಮಾಡಲಿಲ್ಲ. ಮತವೂ ಬೀಳಲಿಲ್ಲ ಎಂಬಷ್ಟು ಕಡಿಮೆ. ಇಂಥವರನ್ನು ಅಲ್ಲಿನ ಆಡುಮಾತಿನಲ್ಲಿ ‘ಕಿತ್ತಳೆ’ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅದಕ್ಕೆ ಸರಿಯಾದ ಮಾತಿದೆ: ಬೇನಾಮಿ.

ಬೇನಾಮಿ ಎಂದು ಸಾಬೀತು ಮಾಡುವುದು ಹೇಗೆ? “ನಾನು ನಿಜವಾಗಿಯೂ ನಿಂತಿದ್ದೆ, ಜನ ಮತ ಹಾಕಲಿಲ್ಲ” ಎಂದರೆ ಏನು ಮಾಡುವುದು? ಇಲ್ಲಿ ಕೋರ್ಟಿಗೆ ನೆರವಾದದ್ದು ಲೆಕ್ಕದ ಫೈಲುಗಳು. ಐವರ ಲೆಕ್ಕವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿತ್ತು. ಖರ್ಚಿನ ಬಗೆ, ಮೊತ್ತ, ಬಿಲ್ಲಿನ ತಾರೀಖು ಒಂದಕ್ಕೊಂದು ಹೋಲುತ್ತಿದ್ದವು. ಬಿಲ್ಲಿನ ನಂಬರುಗಳು ಕೂಡ ಸಾಲಾಗಿ ಒಂದರ ಹಿಂದೆ ಒಂದು ಇದ್ದವು. ಇದನ್ನು ಓದಿದಾಗ ನನಗೆ ಮೇಡಂ ಮೇಜಿನ ಮೇಲಿದ್ದ 41, 42, 43 ಕಣ್ಣಿಗೆ ಬಂತು.

2019ರ ಸೆಪ್ಟೆಂಬರ್ 17ರಂದು ಉನ್ನತ ಚುನಾವಣಾ ನ್ಯಾಯಾಲಯ 4–3 ಬಹುಮತದಿಂದ ತೀರ್ಪು ಕೊಟ್ಟಿತು. ಆ ಪಟ್ಟಿಗಳಿಂದ ಗೆದ್ದಿದ್ದ ಆರು ಜನ ಕೌನ್ಸಿಲರ್‌ಗಳು ಸ್ಥಾನ ಕಳೆದುಕೊಂಡರು. ತಮಗೆ ಈ ಮೋಸ ಗೊತ್ತಿರಲಿಲ್ಲ ಎಂದವರ ಸ್ಥಾನವೂ ಉಳಿಯಲಿಲ್ಲ, ಏಕೆಂದರೆ ಪಟ್ಟಿಯೇ ಸುಳ್ಳಿನ ಮೇಲೆ ನಿಂತಿತ್ತು. ಇದು ಕಠಿಣ ಎಂದು ಮೂವರು ನ್ಯಾಯಾಧೀಶರು ಭಾವಿಸಿದ್ದರು. ಆದರೆ ಆಮೇಲೆ ಅದೇ ಹಾದಿ ಗಟ್ಟಿಯಾಯಿತು. 2024ರಲ್ಲಿ ಕೋರ್ಟ್ ಇದನ್ನು ಒಂದು ಸ್ಥಿರ ಸೂತ್ರವಾಗಿ ಬರೆದಿಟ್ಟಿತು. ಶೂನ್ಯ ಅಥವಾ ನಗಣ್ಯ ಮತ, ಪ್ರಚಾರ ಇಲ್ಲದಿರುವುದು, ಮತ್ತು ಲೆಕ್ಕದಲ್ಲಿ ಏನೂ ಇಲ್ಲದಿರುವುದು ಅಥವಾ ಎಲ್ಲರ ಲೆಕ್ಕ ಒಂದೇ ತರಹ ಇರುವುದು, ಇವು ಮೋಸದ ಗುರುತುಗಳು.

ಆ ಪಟ್ಟಣದಲ್ಲಿ ಐದು ಹೆಣ್ಣುಮಕ್ಕಳ ಹೆಸರು ಬಳಸಿಕೊಂಡು ಹೆಣ್ಣುಮಕ್ಕಳಿಗೆಂದೇ ಮಾಡಿದ ಕಾನೂನನ್ನು ತಪ್ಪಿಸಲಾಗಿತ್ತು. ಅದನ್ನು ಹಿಡಿದುಕೊಟ್ಟದ್ದರಲ್ಲಿ ಭಾಷಣಗಳಿಗಿಂತ ಬಿಲ್ಲುಗಳ ಪಾತ್ರ ದೊಡ್ಡದು. ಲೆಕ್ಕಶಾಸ್ತ್ರ ಬರೀ ಬ್ಯಾಂಕ್ ಕೆಲಸಕ್ಕೆ ಎಂದುಕೊಂಡಿದ್ದ ನನಗೆ ಇದು ಹೊಸ ಮಾತು.

ಕೋರ್ಟಿನ ಕೈಗೆ ಸಿಗದಿರುವುದು

ಹಾಗಾದರೆ ಅಲ್ಲಿ ಎಲ್ಲ ಸರಿಯಾಗಿದೆಯೇ? ಇಲ್ಲ. ಮೂರು ದೊಡ್ಡ ತೂತುಗಳಿವೆ.

ಮೊದಲನೆಯದು, ಪುಸ್ತಕಕ್ಕೆ ಬಾರದ ಹಣ. ನಾವು ‘ಎರಡನೇ ನಂಬರ್ ಲೆಕ್ಕ’ ಎನ್ನುವಂತೆ ಅವರು ‘ಎರಡನೇ ಪೆಟ್ಟಿಗೆ’ ಎನ್ನುತ್ತಾರೆ. ಕೊಟ್ಟ ಕಾಗದವನ್ನು ಪರೀಕ್ಷಿಸಬಹುದು, ಕೊಡದ ಕಾಗದವನ್ನು ಪರೀಕ್ಷಿಸುವುದು ಕಷ್ಟ. 2014ರ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದ ದಿಲ್ಮಾ ರೂಸೆಫ್ ಮತ್ತು ಮಿಷೆಲ್ ತೆಮೆರ್ ಅವರ ಪ್ರಚಾರಕ್ಕೆ ಅಕ್ರಮ ಹಣ ಬಂದಿತ್ತು ಎಂದು ಸೋತ ಪಕ್ಷ ದೂರು ಕೊಟ್ಟಿತು. ತೀರ್ಪು ಬಂದದ್ದು 2017ರ ಜೂನ್‌ನಲ್ಲಿ. ಅಷ್ಟರಲ್ಲಿ ದಿಲ್ಮಾ ಅವರನ್ನು ಸಂಸತ್ತು ಪದಚ್ಯುತಗೊಳಿಸಿ ತೆಮೆರ್ ಅಧ್ಯಕ್ಷರಾಗಿದ್ದರು. ಒಡೆಬ್ರೆಕ್ಟ್ ಎಂಬ ದೊಡ್ಡ ನಿರ್ಮಾಣ ಕಂಪನಿಯವರು ಕೊಟ್ಟ ತಪ್ಪೊಪ್ಪಿಗೆ ಹೇಳಿಕೆಗಳು ಮೂಲ ದೂರಿನಲ್ಲಿ ಇರಲಿಲ್ಲ, ಅವನ್ನು ಪರಿಗಣಿಸುವಂತಿಲ್ಲ ಎಂದು ಬಹುಮತದ ನ್ಯಾಯಾಧೀಶರು ಹೇಳಿದರು. 4–3ರಲ್ಲಿ ಪ್ರಕರಣ ಬಿದ್ದುಹೋಯಿತು.

ಎರಡನೆಯದು, ಕಾಲ. ವಾರ್ಷಿಕ ಲೆಕ್ಕ ಸಲ್ಲಿಸಿ ಐದು ವರ್ಷದೊಳಗೆ ತೀರ್ಪು ಬರದಿದ್ದರೆ ಆ ದಂಡ ಹಾಕುವಂತಿಲ್ಲ. ಫೈಲುಗಳು ಬೆಟ್ಟದಷ್ಟು. ಪರೀಕ್ಷೆಯ ಹಿಂದಿನ ರಾತ್ರಿ ಓದುವ ನಮ್ಮಂತೆ ಕೋರ್ಟೂ ಗಡುವಿನ ಅಂಚಿನಲ್ಲಿ ಓಡಬೇಕಾಗುತ್ತದೆ. ಐದು ವರ್ಷದ ಹಿಂದಿನ ತಪ್ಪಿಗೆ ಇಂದು ದಂಡ ಹಾಕಿದರೆ, ಆ ತಪ್ಪು ಮಾಡಿದವರು ಪಕ್ಷದಲ್ಲಿ ಇರುತ್ತಾರೋ ಇಲ್ಲವೋ.

ಮೂರನೆಯದೇ ನನಗೆ ಎಲ್ಲಕ್ಕಿಂತ ಬೇಸರ ತಂದದ್ದು. ಕೋರ್ಟು ದಂಡ ಹಾಕುತ್ತದೆ, ಆದರೆ ಕಾನೂನು ಬರೆಯುವವರು ದಂಡ ತಿಂದ ಪಕ್ಷಗಳ ಸಂಸದರೇ. 2022ರ ಏಪ್ರಿಲ್‌ನಲ್ಲಿ ಅವರು ಸಂವಿಧಾನಕ್ಕೇ ತಿದ್ದುಪಡಿ ತಂದು, ಹಿಂದಿನ ಚುನಾವಣೆಗಳಲ್ಲಿ ಮಹಿಳೆಯರ ಪಾಲಿನ ಹಣ ಕೊಡದ ಪಕ್ಷಗಳಿಗೆ ಶಿಕ್ಷೆ ಬೇಡ ಎಂದರು. 2024ರ ಆಗಸ್ಟ್‌ನಲ್ಲಿ ಮತ್ತೊಂದು ತಿದ್ದುಪಡಿ ಬಂತು. ಅದರ ಪ್ರಕಾರ ಪಕ್ಷಗಳು ಬಾಕಿ ಹಣವನ್ನು 180 ತಿಂಗಳವರೆಗಿನ ಕಂತುಗಳಲ್ಲಿ ಕಟ್ಟಬಹುದು, ಬಡ್ಡಿ ಮತ್ತು ದಂಡ ಮನ್ನಾ. 180 ತಿಂಗಳೆಂದರೆ 15 ವರ್ಷ. ನಮ್ಮ ಫೀಸು 15 ದಿನ ತಡವಾದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ನಮ್ಮಲ್ಲಿ?

ನಮ್ಮ ದೇಶದಲ್ಲೂ ಲೆಕ್ಕ ಕೊಡುವ ನಿಯಮಗಳಿವೆ. ಕರ್ನಾಟಕದಲ್ಲಿ ವಿಧಾನಸಭೆಗೆ ನಿಂತವರು 2022ರಲ್ಲಿ ನಿಗದಿಯಾದ ಮಿತಿಯಂತೆ 40 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು. ಫಲಿತಾಂಶದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು. ಸರಿಯಾದ ಕಾರಣವಿಲ್ಲದೆ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಆದರೆ ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಪಕ್ಷಗಳು ಲೆಕ್ಕ ಪರಿಶೋಧಕರಿಂದ ತಪಾಸಣೆ ಮಾಡಿಸಿ ವಾರ್ಷಿಕ ವರದಿ ಕೊಡುತ್ತವೆ, 20,000 ರೂಪಾಯಿ ಮೀರಿದ ದೇಣಿಗೆಗಳ ಪಟ್ಟಿ ಕೊಡುತ್ತವೆ. ಆದರೆ ಆ ಪರಿಶೋಧಕರನ್ನು ಆರಿಸಿ ಶುಲ್ಕ ಕೊಡುವುದು ಪಕ್ಷವೇ.

2018ರಿಂದ ಇದ್ದ ಚುನಾವಣಾ ಬಾಂಡ್ ಯೋಜನೆಯಲ್ಲಿ ಕೊಟ್ಟವರ ಹೆಸರು ಮತದಾರರಿಗೆ ತಿಳಿಯುತ್ತಲೇ ಇರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಒಮ್ಮತದಿಂದ ಅದನ್ನು ರದ್ದು ಮಾಡಿತು. ಪಕ್ಷಕ್ಕೆ ಎಲ್ಲಿಂದ ಹಣ ಬರುತ್ತದೆ ಎಂದು ತಿಳಿಯುವುದು ಮತದಾರರ ಹಕ್ಕು ಎಂದಿತು. ಅಂದರೆ ಅಲ್ಲಿನ ಪ್ರಶ್ನೆಯೇ ಇಲ್ಲಿನದೂ ಹೌದು.

ಬ್ರೆಜಿಲ್ ಮಾಡಿದ್ದನ್ನೇ ನಾವೂ ಮಾಡಬೇಕು ಎಂದು ಹೇಳುವಷ್ಟು ನಾನು ತಿಳಿದವಳಲ್ಲ. ಅಲ್ಲಿನ ಕೋರ್ಟೂ ಎಡವಿದೆ. ಆದರೆ ನನಗೆ ಅರ್ಥವಾದ ಒಂದು ಮಾತಿದೆ. ಲೆಕ್ಕ ಬರೆಯುವುದರಿಂದ ಮಾತ್ರ ಲೆಕ್ಕ ಸರಿಯಾಗುವುದಿಲ್ಲ. ಅದನ್ನು ನೋಡುವವರು ಬರೆದವರ ಕೈಕೆಳಗೆ ಇರಬಾರದು, ಮತ್ತು “ಇದು ಸರಿಯಿಲ್ಲ” ಎಂದು ಅವರು ಹೇಳಿದ ಮೇಲೆ ಏನಾದರೂ ಆಗಬೇಕು. ಮೊದಲನೆಯದನ್ನು ಬ್ರೆಜಿಲ್ ಸಾಕಷ್ಟು ಮಟ್ಟಿಗೆ ಸಾಧಿಸಿದೆ. ಎರಡನೆಯದರಲ್ಲಿ ಇನ್ನೂ ಹೆಣಗುತ್ತಿದೆ.

ಬ್ರೆಜಿಲ್‌ನಲ್ಲಿ 16 ವರ್ಷಕ್ಕೇ ಮತ ಹಾಕಬಹುದು. ಅಲ್ಲಿ ಹುಟ್ಟಿದ್ದರೆ ನಾನು ಈಗಾಗಲೇ ಮತದಾರಳು. ಇಲ್ಲಿ ಮುಂದಿನ ವರ್ಷ ಆಗುತ್ತೇನೆ, ನಿಮ್ಮಲ್ಲಿ ಹಲವರೂ ಆಗುತ್ತೀರಿ. ಮತ ಕೇಳಲು ಬರುವ ಅಣ್ಣಂದಿರು, ಅಕ್ಕಂದಿರು ಏನು ಕೊಡುತ್ತೇವೆ ಎಂದು ಹೇಳುತ್ತಾರೆ. ಕೊಡಲು ಹಣ ಎಲ್ಲಿಂದ ಬಂತು ಎಂದು ನಾವು ಕೇಳಬಹುದು. ಅಭ್ಯರ್ಥಿಗಳ ಖರ್ಚಿನ ಲೆಕ್ಕ, ಪಕ್ಷಗಳ ದೇಣಿಗೆ ವರದಿ ಎರಡೂ ಸಾರ್ವಜನಿಕ ದಾಖಲೆಗಳು. ಡೆಬಿಟ್, ಕ್ರೆಡಿಟ್ ಓದಲು ಬರುವ ನಾವೇ ಅವನ್ನು ತೆರೆದು ನೋಡದಿದ್ದರೆ ಇನ್ನಾರು ನೋಡುತ್ತಾರೆ?

ಕೇಳುವ ಮುಂಚೆ ನಮ್ಮ ಲೆಕ್ಕ ಶುದ್ಧ ಇರಬೇಕಲ್ಲ. ಈ ವರ್ಷದ ಫೆಸ್ಟ್‌ನಲ್ಲಿ ನಮ್ಮ ಸೆಕ್ಷನ್ನಿನ ಜಮಾ-ಖರ್ಚನ್ನು ಮೆಟ್ಟಿಲ ಪಕ್ಕದ ನೋಟಿಸ್ ಬೋರ್ಡಿಗೆ ಹಾಕಿದ್ದೇವೆ. ಅದರಲ್ಲಿ “ರಶೀದಿ ಇಲ್ಲದ ಖರ್ಚು: 210 ರೂಪಾಯಿ, ಆಟೋ” ಎಂಬ ಸಾಲೂ ಇದೆ. ಪರಿಶೀಲಿಸಿದ್ದು ನಾವಲ್ಲ, ಪಕ್ಕದ ಸೆಕ್ಷನ್ನಿನವರು. ತಪ್ಪು ಕಂಡರೆ ಬಂದು ಹೇಳಿ.